ಬುಧವಾರ ರಾತ್ರಿಯ ಗುಳಿಗೆ

ಧಾರವಾಡದ ಕಸೂತಿ ಪ್ರದರ್ಶನದಲ್ಲಿ ನನ್ನ ಕಪ್ಪು ಚಂದ್ರಕಾಳಿ ಸೀರೆಯನ್ನು ನೋಡಿ ಮೆಚ್ಚಿದವರಿಗೆಲ್ಲ ಒಟ್ಟಿಗೆ ಒಂದು ನಮಸ್ಕಾರ. ಸಂದೇಶ ಕಳಿಸಿದ ಒಬ್ಬೊಬ್ಬರಿಗೂ ಉತ್ತರ ಬರೆಯಲು ಬೆರಳುಗಳು ಒಪ್ಪುತ್ತಿಲ್ಲ. ಈ ಬರಹವನ್ನೂ ನಾನು ಹೇಳುತ್ತಿದ್ದೇನೆ, ಅಣ್ಣನ ಮಗಳು ಟೈಪ್ ಮಾಡುತ್ತಿದ್ದಾಳೆ. ಅವಳನ್ನು ಹೊಗಳುವ ಸಾಲುಗಳನ್ನು ಅವಳೇ ಅಳಿಸಿಬಿಟ್ಟರೆ ನಾನು ಜವಾಬ್ದಾರಳಲ್ಲ.

ಸಂಧಿವಾತ ಇಟ್ಟುಕೊಂಡು, ನೌಕರಿಯನ್ನೂ ಮಾಡುತ್ತ ಇಡೀ ಸೆರಗು ತುಂಬಿದ್ದು ಹೇಗೆ ಎಂದು ಅನೇಕರು ಕೇಳಿದ್ದೀರಿ. ಛಲ, ದೇವರ ದಯೆ ಎಂಬ ಉತ್ತರ ಬರಲಿ ಎಂದು ಕಾಯುತ್ತಿರುವುದೂ ಗೊತ್ತು. ಎರಡೂ ಇದ್ದಿರಬಹುದು. ಆದರೆ ಸೀರೆ ಮುಗಿದದ್ದು ಗುಳಿಗೆ ನುಂಗುವ ದಿನ ಬದಲಾದ ಮೇಲೆ.

ನನ್ನದು ವಯಸ್ಸಿನಿಂದ ಕೀಲು ಸವೆದು ಬರುವ ನೋವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಒಳಪದರದ ಮೇಲೆ ಏರಿ ಹೋಗುವ ಕಾಯಿಲೆ. ಬದನೆಕಾಯಿ ಬಿಟ್ಟರೆ ಹೋಗುವುದಿಲ್ಲ, ಬಿಟ್ಟು ನೋಡಿಯಾಗಿದೆ. ಬೆಳಗ್ಗೆ ಎದ್ದಾಗ ಬೆರಳುಗಳು ಮಡಚುವುದೂ ಇಲ್ಲ, ಬಿಚ್ಚುವುದೂ ಇಲ್ಲ. ಬಿಸಿನೀರಿನಲ್ಲಿ ಕೈ ಇಟ್ಟು ಕೂತರೆ ಗಂಟೆಯ ಮೇಲೆ ಸ್ವಲ್ಪ ಸಡಿಲವಾಗುತ್ತವೆ. ಇದಕ್ಕೆ ಕೊಡುವ ಮುಖ್ಯ ಔಷಧಿ ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ ನುಂಗಬೇಕು, ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ನುಂಗಿದ ಮರುದಿನ ನನಗೆ ಹೊಟ್ಟೆ ತೊಳಸುತ್ತದೆ, ತಲೆ ಮಂಕಾಗುತ್ತದೆ, ಒಗ್ಗರಣೆಯ ವಾಸನೆಯೂ ಬೇಡವಾಗುತ್ತದೆ.

ನೌಕರಿ ಮಾಡುವ ಎಷ್ಟೋ ಜನರಂತೆ ನಾನೂ ಶನಿವಾರ ರಾತ್ರಿ ನುಂಗುತ್ತಿದ್ದೆ. ಭಾನುವಾರ ಮಲಗಿ, ಸೋಮವಾರ ಹೊತ್ತಿಗೆ ಸರಿಯಾಗಿ ಕಚೇರಿಯಲ್ಲಿ ಹಾಜರು. ಎಲ್ಲರೂ ಮೆಚ್ಚುವ ಏರ್ಪಾಡು. ಕಸೂತಿಗೆ ಇದ್ದದ್ದು ಅದೊಂದೇ ಭಾನುವಾರ, ಅದನ್ನು ಕಾಯಿಲೆ ತಿನ್ನುತ್ತಿತ್ತು. ಹಬ್ಬಕ್ಕೆ ಮಾತ್ರ ಹೊರಬರುವ ಬೆಳ್ಳಿ ತಟ್ಟೆಯ ಹಾಗೆ ಸೂಜಿದಾರ ಪೆಟ್ಟಿಗೆಯಲ್ಲೇ ಉಳಿದುಬಿಟ್ಟಿದ್ದವು.

ಮೊದಲ ಕೃತಜ್ಞತೆ ಹುಬ್ಬಳ್ಳಿಯ ನನ್ನ ವೈದ್ಯರಿಗೆ. ಊತ, ರಕ್ತಪರೀಕ್ಷೆ, ಯಕೃತ್ತಿನ ವರದಿ ಎಲ್ಲ ಮುಗಿದ ಮೇಲೆ ಅವರು ನನ್ನ ತೋರುಬೆರಳಿನ ತುದಿಯ ಚುಚ್ಚುಗಾಯಗಳನ್ನು ನೋಡಿ, "ಇದೇನಮ್ಮ?" ಎಂದು ಕೇಳಿದರು. ಹೇಳಿದೆ. ಹೊಲಿಗೆ ಬಿಡಿ ಎನ್ನುತ್ತಾರೆಂದುಕೊಂಡರೆ, "ಹಾಗಾದರೆ ಭಾನುವಾರವನ್ನು ಯಾಕೆ ಹಾಳು ಮಾಡಿಕೊಳ್ಳುತ್ತೀರಿ?" ಎಂದರು. ವಾರವನ್ನು ಬುಧವಾರಕ್ಕೆ ಬದಲಿಸುವ ಕ್ರಮವನ್ನು ಚೀಟಿಯಲ್ಲಿ ಬರೆದುಕೊಟ್ಟರು. ನಾನು ನುಂಗುವ ಇನ್ನೊಂದು ಗುಳಿಗೆ ಅಕ್ಷಿಪಟಲಕ್ಕೆ ತೊಂದರೆ ಮಾಡಬಹುದೆಂದು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಗೂ ತಪ್ಪದೆ ಅಟ್ಟುತ್ತಾರೆ. ಬಟ್ಟೆಯ ಎಳೆ ಎಣಿಸಿ ಹೊಲಿಯುವವಳಿಗೆ ಅದು ದೊಡ್ಡ ಉಪಕಾರ. ಔಷಧಿ ಅಂಗಡಿಯ ಕಾಕಾ ಪ್ರತಿ ಸಲವೂ ಗುಳಿಗೆಯ ಪಟ್ಟಿಯ ಮೇಲೆ ಕೆಂಪು ಶಾಯಿಯಲ್ಲಿ "ಬುಧವಾರ ಮಾತ್ರ" ಎಂದು ಬರೆದೇ ಕೊಡುತ್ತಾರೆ. ಅವರಿಗೂ ವಂದನೆ.

ಬುಧವಾರ ನುಂಗಿದರೆ ಗುರುವಾರದ ಗತಿ? ಅಂದರೆ ವಾರದ ಕೆಟ್ಟ ದಿನ ಇನ್ನು ಮುಂದೆ ಕಚೇರಿಯ ಪಾಲಿಗೆ. ನಾನು ದುಡಿಯುವುದು ಒಂದು ಪತ್ತಿನ ಸಹಕಾರಿ ಸಂಘದಲ್ಲಿ. ವ್ಯವಸ್ಥಾಪಕರ ಮುಂದೆ ನಿಂತು, ಗುರುವಾರ ಮಧ್ಯಾಹ್ನದ ಮೇಲೆ ಬರುತ್ತೇನೆ, ಅರ್ಧ ದಿನ ರಜೆ ಹಿಡಿಯಿರಿ, ನಗದು ಕೌಂಟರ್ ಬೇಡ, ಸಾಲದ ಕಡತ ಕೊಡಿ ಎಂದು ಕೇಳಿದೆ. ಕಾರಣವನ್ನೂ ಮುಚ್ಚಿಡಲಿಲ್ಲ: ಆಸ್ಪತ್ರೆಗಾಗಿ ಅಲ್ಲ ಸಾಹೇಬರೇ, ಭಾನುವಾರ ಕಸೂತಿ ಹಾಕುವುದಕ್ಕಾಗಿ. ಅವರು ಗೋಡೆಯ ಕ್ಯಾಲೆಂಡರ್ ನೋಡಿ, "ಗುರುವಾರ ಗಿರಾಕಿಗಳು ಕಡಿಮೆ, ನಡೆಯುತ್ತದೆ" ಎಂದರು. ಅಷ್ಟೇ. ಕರುಣೆಯ ಮಾತಿಲ್ಲ, "ಪಾಪ" ಎಂಬ ಉದ್ಗಾರವಿಲ್ಲ. ಆ ಒಣ ಮಾತಿಗೆ ನಾನು ಎಷ್ಟು ಋಣಿ ಎಂಬುದು ಅವರಿಗೆ ಈಗಲಾದರೂ ತಿಳಿಯಲಿ.

ಕೌಂಟರ್ ವಹಿಸಿಕೊಂಡ ಗೆಳತಿಗೆ ನೋಟಿನ ಕಂತೆ ಎಣಿಸುವ ಕೆಲಸ ಹೆಚ್ಚಾಯಿತು. ಆಕೆಯ ಇನ್ನೊಂದು ಉಪಕಾರ ಹೇಳಲೇಬೇಕು. ಬೆರಳು ವಾಲಿದ ಮೇಲೆ ನನ್ನ ಸಹಿ ಬದಲಾಗುತ್ತ ಹೋಗಿ, ನಾನೇ ದುಡಿಯುವ ಸಂಘದಲ್ಲಿ ನನ್ನದೇ ಹಣ ತೆಗೆಯುವ ಚೀಟಿಯ ಸಹಿ ಹೊಂದಲಿಲ್ಲ. ಆಕೆ ಸದ್ದಿಲ್ಲದೆ ಹೊಸ ಮಾದರಿ ಸಹಿಯ ಕಾರ್ಡ್ ತಂದು ಮುಂದಿಟ್ಟು, "ಈಗ ಹೇಗೆ ಬರುತ್ತದೋ ಹಾಗೆ ಮಾಡಿ ಅಕ್ಕಾ, ಚೆಂದ ಮಾಡಲು ಹೋಗಬೇಡಿ" ಎಂದಳು. ಹಾಗೇ ಮಾಡಿದೆ. ನನ್ನ ಹೆಸರಿನ ಕೊನೆಯ ಅಕ್ಷರ ಈಗ ಅಧಿಕೃತವಾಗಿಯೇ ಸೊಟ್ಟ.

ಇನ್ನು ಸೀರೆಯ ವಿಷಯ. ಕಸೂತಿಯಲ್ಲಿ ನಕ್ಷೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗಂಟು ಕಟ್ಟುವಂತಿಲ್ಲ. ಗವಂತಿ ಹೊಲಿಗೆ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಒಂದರಂತೆ ಮುಂದೆ ಸಾಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಮುರ್ಗಿಯದೂ ಅದೇ ರೀತಿ, ಮೆಟ್ಟಿಲು ಮೆಟ್ಟಿಲಾಗಿ. ಎರಡರಲ್ಲೂ ಸೀರೆಯ ಒಳಮೈ ಹೊರಮೈ ಒಂದೇ. ಮೆಂತೆ ಹಾಗಲ್ಲ, ಅದು ಒತ್ತಾಗಿ ತುಂಬುವ ಹೊಲಿಗೆ, ಹೆಬ್ಬೆರಳಿಗೆ ಬಿಡುವೇ ಇಲ್ಲ. ಗೋಪುರ, ತೇರು, ಅಂಬಾರಿಯ ಆನೆ, ಇವುಗಳ ಗವಂತಿ ಮತ್ತು ಮುರ್ಗಿಯನ್ನು ನಾನು ಹಾಕಿದೆ. ಮೆಂತೆಯನ್ನು ಓಣಿಯ ಇಬ್ಬರು ಹೆಣ್ಣುಮಕ್ಕಳು ಹಾಕಿದರು, ಕೂಲಿ ತೆಗೆದುಕೊಂಡೇ ಹಾಕಿದರು. ಅಣ್ಣನ ಮಗಳು ಮೊದಲೇ ಸೂಜಿಗಳಿಗೆಲ್ಲ ದಾರ ಪೋಣಿಸಿ, ಹಳೆಯ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದಳು: ಕೆಂಪು ಒಂದು ಸಾಲು, ಹಸಿರು ಒಂದು ಸಾಲು, ಬಿಳಿ ಒಂದು ಸಾಲು.

ಪ್ರದರ್ಶನದವರು ಚೀಟಿಯಲ್ಲಿ ನನ್ನ ಹೆಸರು ಮಾತ್ರ ಇರಲಿ, ಕಾಯಿಲೆ ಗೆದ್ದವರ ಕಥೆಗೆ ಅದು ಒಪ್ಪುತ್ತದೆ ಎಂದು ಸೂಚಿಸಿದ್ದರು. ನಾನು ಗೆದ್ದಿಲ್ಲ, ಕಾಯಿಲೆ ಇಲ್ಲೇ ಇದೆ ಎಂದೆ. ನಾಲ್ಕೂ ಹೆಸರು ಹಾಕಿದರು. ಹಟ ಮಾಡದೆ ಒಪ್ಪಿದ್ದಕ್ಕೆ ಅವರಿಗೂ ಧನ್ಯವಾದ. ನನ್ನ ಕಾಯಿಲೆ ತಿಳಿದವರೆಲ್ಲ ಫ್ರೆಂಚ್ ಕಲಾವಿದ ರೆನ್ವಾರ್‌ನ ಕಥೆ ಕಳಿಸುತ್ತಾರೆ. ಅವನಿಗೂ ಇದೇ ಸಂಧಿವಾತ, 1919ರಲ್ಲಿ ತೀರಿಕೊಳ್ಳುವವರೆಗೂ ಚಿತ್ರ ಬರೆದ, ನೋಡಿ ಎನ್ನುತ್ತಾರೆ. ಬರೆದದ್ದು ನಿಜ. ಕೊನೆಕೊನೆಗೆ ಕುಂಚವನ್ನು ಅವನ ಕೈಗೆ ಬೇರೆಯವರು ಇಡಬೇಕಾಗುತ್ತಿತ್ತು ಎಂಬುದೂ ನಿಜ. ಕಥೆ ಕಳಿಸುವವರು ಆ ಇಟ್ಟವರ ಸುದ್ದಿಯನ್ನು ಯಾಕೋ ಎತ್ತುವುದಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಬರುವುದನ್ನು ಹಗುರ ಮಾಡಿದ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೂ ಒಂದು ಮಾತು. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಸಮ, ಹತ್ತಲು ಮೆಟ್ಟಿಲಿಲ್ಲ. ಪಾದದ ಕೀಲು ಊದಿದ ದಿನ ಅದರ ಬೆಲೆ ತಿಳಿಯುತ್ತದೆ.

ಅವ್ವನಿಗೆ ಇಲ್ಲಿ ಧನ್ಯವಾದ ಹೇಳಿದರೆ ಬೈಯುತ್ತಾಳೆ. ಗುರುವಾರ ಮನೆಯಲ್ಲಿ ಒಗ್ಗರಣೆ ಹಾಕದೆ ಅಡುಗೆ ಮಾಡಿದ್ದು ಅವಳು ಎಂದಷ್ಟೇ ಬರೆಸುತ್ತೇನೆ.

ಸೀರೆ ಬೇಕೆಂದು ಕೇಳಿದವರಿಗೆ: ಇನ್ನೊಂದು ಸೀರೆ ಸದ್ಯಕ್ಕೆ ಆಗದು. ಕುಪ್ಪಸದ ಖಣಕ್ಕೆ ಗವಂತಿಯ ಸಣ್ಣ ತುಳಸಿಕಟ್ಟೆ ಹಾಕಿಕೊಡಬಲ್ಲೆ, ಅವಸರ ಮಾಡುವಂತಿಲ್ಲ, ಚೌಕಾಸಿಯೂ ಇಲ್ಲ. ಕಲಿಯಬೇಕೆನ್ನುವವರು ಭಾನುವಾರ ಹನ್ನೊಂದರ ಮೇಲೆ ಬನ್ನಿ. ಅದಕ್ಕೂ ಮೊದಲು ಬಂದರೆ ಅವ್ವನ ಕೈಯ ಚಹಾ ಸಿಗುತ್ತದೆ, ನನ್ನ ಕೈ ಸಿಗುವುದಿಲ್ಲ.