ಆಫೀಸಿನ ಸ್ವಿಚ್ಚಿನ ವಿಷಯವಾಗಿ ಅಪ್ಪನಿಗೆ

ಮ್ಯೂನಿಕ್
8 ಫೆಬ್ರವರಿ 2025

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಶಿರಸಿಯ ಆಫೀಸಿಗೆ ನೆಟ್‌ವರ್ಕ್ ಹಾಕಿಸುವ ಬಗ್ಗೆ ಅಂಗಡಿಯವರು ಕೊಟ್ಟ ಕೊಟೇಶನ್ನನ್ನು ತಮ್ಮ ಕಳುಹಿಸಿದ್ದು ತಲುಪಿತು. ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು 24 ಪೋರ್ಟಿನ, ಎಲ್ಲ ಪೋರ್ಟಿನಲ್ಲೂ ಪಿಒಇ ಇರುವ ಮ್ಯಾನೇಜ್ಡ್ ಸ್ವಿಚ್. ಸ್ವಿಚ್ ಎಂದರೆ ಆಫೀಸಿನ ಯಂತ್ರಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ, ಪೋರ್ಟು ಅದರಲ್ಲಿ ತಂತಿ ಸಿಕ್ಕಿಸುವ ಕಿಂಡಿ, ಪಿಒಇ ಎಂದರೆ ಅದೇ ತಂತಿಯಲ್ಲಿ ಕ್ಯಾಮೆರಾದಂಥ ಸಾಧನಕ್ಕೆ ವಿದ್ಯುತ್ತನ್ನೂ ಕಳುಹಿಸುವ ಏರ್ಪಾಡು, ಮ್ಯಾನೇಜ್ಡ್ ಎಂದರೆ ಸೆಟ್ಟಿಂಗುಗಳನ್ನು ನಾವೇ ಬದಲಿಸಬಹುದಾದದ್ದು. ಒಟ್ಟು ಮೊತ್ತದ ಅರ್ಧಕ್ಕಿಂತ ಹೆಚ್ಚು ಆ ಸ್ವಿಚ್ಚೊಂದಕ್ಕೇ ಹೋಗುತ್ತದೆ. ಕೇಬಲ್ಲಿಗೆ ಮಾತ್ರ ‘ಕ್ಯಾಟ್ 6, 1 ಬಾಕ್ಸ್’ ಎಂಬ ಒಂದೇ ಸಾಲು (ಕ್ಯಾಟ್ 6 ಎಂಬುದು ಕೇಬಲ್ಲಿನ ದರ್ಜೆ). ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧವಾಗಿದೆ. ಸ್ವಿಚ್ ಸಾದಾ ಇದ್ದರೆ ಸಾಕು. ಉಳಿಯುವ ಹಣವನ್ನು ಒಳ್ಳೆಯ ತಂತಿಗೆ, ಅರ್ಥಿಂಗ್‌ಗೆ ಮತ್ತು ತೋಟದ ಅಂಚಿನ ಅಡಿಕೆ ಉಗ್ರಾಣಕ್ಕೆ ಹೋಗುವ ಲೈನಿಗೆ ಹಾಕೋಣ. ಲೆಕ್ಕ ಕಾಣದೆ ಯಾವುದಕ್ಕೂ ಸಹಿ ಹಾಕುವವರು ನೀವಲ್ಲವಾದ್ದರಿಂದ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಎಣಿಕೆ. ಈಗಿರುವ ಕಂಪ್ಯೂಟರುಗಳು 4, ಜೂನ್ ಹೊತ್ತಿಗೆ ಆರ್ಟಿಕಲ್‌ಶಿಪ್‌ಗೆ (ಸಿಎ ತರಬೇತಿಗೆ) ಬರುವ ಇಬ್ಬರಿಗೆ 2, ಪ್ರಿಂಟರ್ 1, ಬ್ಯಾಕಪ್ ಇಡುವ ಸ್ಟೋರೇಜ್ ಪೆಟ್ಟಿಗೆ 1, ಕ್ಯಾಮೆರಾಗಳ ರೆಕಾರ್ಡರ್ 1, ಮಹಡಿಯ ಟಿವಿ 1, ಉಗ್ರಾಣದ ಲೈನು 1, ಅಲ್ಲಿಗೆ 11. ಸ್ವಿಚ್ಚಿನಿಂದ ರೌಟರಿಗೆ ಹೋಗುವ ತಂತಿಗೂ ಒಂದು ಪೋರ್ಟು ಬೇಕೆಂಬುದನ್ನು ಎಣಿಸುವಾಗ ಬಹಳ ಜನ ಬಿಟ್ಟುಬಿಡುತ್ತಾರೆ. ಅದನ್ನು ಸೇರಿಸಿದರೆ 12. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳು 5, 8, 16, 24. ಹಾಗಾಗಿ ನಮಗೆ ಬೇಕಾದದ್ದು 16 ಪೋರ್ಟಿನದು, ಮುಂದಿನ ಅಗತ್ಯಕ್ಕೆ 4 ಖಾಲಿ ಉಳಿಯುತ್ತವೆ. 8 ಪೋರ್ಟಿನ ಎರಡನ್ನು ಜೋಡಿಸಿದರೂ ನಡೆಯುತ್ತದೆ, ಆದರೆ ಅವೆರಡರ ನಡುವಿನ ಒಂದೇ ತಂತಿಯ ಮೇಲೆ ಎಲ್ಲ ಭಾರ ಬೀಳುತ್ತದೆ, ಅಡಾಪ್ಟರುಗಳೂ ಎರಡಾಗುತ್ತವೆ. ಒಂದೇ ಕೋಣೆಯಲ್ಲಿ ಎಲ್ಲವೂ ಇರುವಾಗ ಆ ತಾಪತ್ರಯ ಬೇಡ.

ಇಂಟರ್ನೆಟ್ ಇರುವುದೇ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್), ಅದರ ಹತ್ತು ಪಟ್ಟು ವೇಗದ ಗಿಗಾಬಿಟ್ ಸ್ವಿಚ್ ಯಾಕೆ ಎಂದು ತಮ್ಮ ಕೇಳಿದ್ದಾನೆ. ಪ್ರಶ್ನೆ ಸರಿಯಾಗಿದೆ, ಆದರೆ ನಿಮ್ಮ ಆಫೀಸಿನ ದಟ್ಟಣೆಯ ಹೆಚ್ಚು ಪಾಲು ಇಂಟರ್ನೆಟ್ಟಿಗೆ ಹೋಗುವುದೇ ಇಲ್ಲ. ಲೆಕ್ಕದ ತಂತ್ರಾಂಶವಾದ ಟ್ಯಾಲಿಯ ಡೇಟಾ ಒಂದು ಕಂಪ್ಯೂಟರಿನಲ್ಲಿದೆ, ಉಳಿದವರು ಅದನ್ನು ಅಲ್ಲಿಂದಲೇ ತೆರೆಯುತ್ತಾರೆ. ಸಂಜೆ ಅದೆಲ್ಲ ಸ್ಟೋರೇಜಿಗೆ ಬ್ಯಾಕಪ್ ಆಗುತ್ತದೆ. ಈ ಓಡಾಟವೆಲ್ಲ ಸ್ವಿಚ್ಚಿನ ಒಳಗೇ ನಡೆದುಹೋಗುತ್ತದೆ, ರೌಟರಿನ ಬಾಗಿಲಿಗೂ ಬರುವುದಿಲ್ಲ. ಸ್ವಿಚ್ ಎಂಬುದು ಯಾವ ಪೋರ್ಟಿನಿಂದ ಯಾವ ಮ್ಯಾಕ್ ವಿಳಾಸ (ಒಂದೊಂದು ಯಂತ್ರಕ್ಕೂ ಇರುವ ಗುರುತು ಸಂಖ್ಯೆ) ಮಾತಾಡಿತು ಎಂಬುದನ್ನು ನೋಡಿ ತನ್ನೊಳಗೆ ಒಂದು ಪಟ್ಟಿ ಮಾಡಿಕೊಂಡು, ಮುಂದೆ ಆ ವಿಳಾಸಕ್ಕೆ ಬಂದದ್ದನ್ನು ಆ ಪೋರ್ಟಿಗೆ ಮಾತ್ರ ಕಳುಹಿಸುತ್ತದೆ. ಹಿಂದೆ ಸ್ವಿಚ್ಚಿನ ಜಾಗದಲ್ಲಿ ಬಳಸುತ್ತಿದ್ದ ಹಬ್‌ಗಳು ಒಬ್ಬರಿಗೆ ಹೇಳಬೇಕಾದದ್ದನ್ನು ಊರಿಗೆಲ್ಲ ಡಂಗುರ ಸಾರುತ್ತಿದ್ದವು. ಅದಕ್ಕೇ ಎರಡು ಕಂಪ್ಯೂಟರುಗಳು ಒಟ್ಟಿಗೆ ಕೆಲಸ ಮಾಡಿದರೆ ಎರಡೂ ನಿಧಾನವಾಗುತ್ತಿದ್ದವು. ಸ್ವಿಚ್ಚಿನಲ್ಲಿ ಹಾಗಿಲ್ಲ, ಒಂದೊಂದು ಜೋಡಿಗೂ ಪೂರ್ತಿ ವೇಗ ಸಿಗುತ್ತದೆ. 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 11 ಅಥವಾ 12 ಮೆಗಾಬೈಟ್ ಸಾಗಬಹುದು (8 ಬಿಟ್ ಸೇರಿ ಒಂದು ಬೈಟ್). 10 ಗಿಗಾಬೈಟಿನ ಬ್ಯಾಕಪ್‌ಗೆ ಕಾಲು ಗಂಟೆ. ಗಿಗಾಬಿಟ್ಟಿನಲ್ಲಿ, ಡಿಸ್ಕ್ ಸಹಕರಿಸಿದರೆ, ಒಂದೂವರೆ ನಿಮಿಷ. ತಾಮ್ರದ ತಂತಿಯ ಗಿಗಾಬಿಟ್ ಮಾನಕ ಬಂದದ್ದು 1999ರಲ್ಲಿ. ಇಂದು 100 ಎಂಬಿಪಿಎಸ್‌ಗೇ ನಿಲ್ಲುವ 10/100 ಸ್ವಿಚ್ ಕೊಳ್ಳುವುದಕ್ಕೆ ಬೆಲೆಯ ಸಣ್ಣ ವ್ಯತ್ಯಾಸ ಬಿಟ್ಟರೆ ಬೇರೆ ಕಾರಣವಿಲ್ಲ. 2.5 ಗಿಗಾಬಿಟ್ಟಿನವು ಇಲ್ಲಿನ ಅಂಗಡಿಗಳಲ್ಲಿ ಸಾಲಾಗಿ ಕೂತಿವೆ, ನಿಮ್ಮ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ.

ಪೆಟ್ಟಿಗೆಯ ಮೇಲೆ ‘32 ಜಿಬಿಪಿಎಸ್ ಸಾಮರ್ಥ್ಯ’ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಅದಕ್ಕೆ ಬೆರಗಾಗುವ ಅಗತ್ಯವಿಲ್ಲ. 16 ಪೋರ್ಟು, ಒಂದೊಂದಕ್ಕೆ 1 ಗಿಗಾಬಿಟ್, ಹೋಗುವುದಕ್ಕೂ ಬರುವುದಕ್ಕೂ ಸೇರಿ ಎರಡರಿಂದ ಗುಣಿಸಿದರೆ 32. ಎಲ್ಲ ಪೋರ್ಟೂ ಒಟ್ಟಿಗೆ ತುಂಬಿ ಹರಿದರೂ ತಡೆಯುತ್ತದೆ ಎಂದು ಅರ್ಥ, ಅಷ್ಟೇ. ನೋಡಬೇಕಾದದ್ದು ಬೇರೆ: ಲೋಹದ ಕವಚವಿರಲಿ, ಫ್ಯಾನ್ ಇರದಿರಲಿ. ಫ್ಯಾನ್ ಇರುವ ಯಂತ್ರ ಮಳೆಗಾಲದ ಮೂರು ತಿಂಗಳಲ್ಲಿ ತೇವವನ್ನೂ ಹುಳುಗಳನ್ನೂ ಎಳೆದುಕೊಳ್ಳುತ್ತದೆ. ಶಿರಸಿಯಲ್ಲಿ ಗೋಡೆಗೆ ಬೂಷ್ಟು ಹಿಡಿಯುವ ಕಾಲದಲ್ಲಿ ಸರ್ಕ್ಯೂಟಿಗೂ ಅದೇ ಗತಿ. ಕೊಟೇಶನ್ನಿನಲ್ಲಿರುವ 24 ಪೋರ್ಟಿನದಕ್ಕೆ ಫ್ಯಾನ್ ಇದೆ, ಅದರ ಸದ್ದು ನಿಮ್ಮ ಮೇಜಿನ ಪಕ್ಕದಲ್ಲೇ ದಿನವಿಡೀ.

ಇನ್ನು ‘ಮ್ಯಾನೇಜ್ಡ್’ ಎಂಬ ಮಾತು. ಅಂಥ ಸ್ವಿಚ್ಚಿನಲ್ಲಿ ವಿಲ್ಯಾನ್ ಮಾಡಿ ಒಂದೇ ಪೆಟ್ಟಿಗೆಯನ್ನು ಎರಡು ಮೂರು ಪ್ರತ್ಯೇಕ ಜಾಲಗಳಾಗಿ ಒಡೆಯಬಹುದು. ಕಕ್ಷಿದಾರರ ಪ್ಯಾನ್, ಬ್ಯಾಂಕ್ ವಿವರಗಳಿರುವ ಕಂಪ್ಯೂಟರುಗಳು ಕ್ಯಾಮೆರಾಗಳ ಜೊತೆ ಒಂದೇ ಜಾಲದಲ್ಲಿರಬಾರದು ಎಂದು ಅಂಗಡಿಯವರು ಹೇಳಿದ್ದು ನಿಜವಾಗಿಯೂ ಸರಿ, ಅದನ್ನು ಅವರ ವ್ಯಾಪಾರದ ಮಾತೆಂದು ತಳ್ಳಿಹಾಕಬೇಡಿ. ಆದರೆ ಎರಡು ಜಾಲಕ್ಕೂ ಇಂಟರ್ನೆಟ್ ಕೊಡಬೇಕಾದರೆ ವಿಲ್ಯಾನ್ ಅರ್ಥವಾಗುವ ರೌಟರೂ ಬೇಕು, ಈಗಿರುವುದಕ್ಕೆ ಅದು ಬರುವುದಿಲ್ಲ. ಅದೂ ಅಲ್ಲದೆ ಸ್ವಿಚ್ಚಿಗೆ ಒಂದು ಪಾಸ್‌ವರ್ಡ್, ಆಗಾಗ ಅದರೊಳಗಿನ ತಂತ್ರಾಂಶದ (ಫರ್ಮ್‌ವೇರ್) ನವೀಕರಣ, ಹಾಕಿದವರು ಊರು ಬಿಟ್ಟರೆ ಯಾರನ್ನು ಕೇಳುವುದು ಎಂಬ ಚಿಂತೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಹಾಗೇ ಬಿಟ್ಟಿರುವ ಮ್ಯಾನೇಜ್ಡ್ ಸ್ವಿಚ್ಚು ಸಾದಾ ಸ್ವಿಚ್ಚಿಗಿಂತ ಅಪಾಯಕಾರಿ. ನಿಮಗೆ ಬೇಕಾದ ಬೇರ್ಪಡಿಕೆಗೆ ಇನ್ನೂ ಸುಲಭದ ದಾರಿಯಿದೆ. ಹಿಂಬದಿಯಲ್ಲೇ ಪಿಒಇ ಪೋರ್ಟುಗಳಿರುವ ರೆಕಾರ್ಡರನ್ನು ತೆಗೆದುಕೊಂಡರೆ ಮನೆಯ ಸುತ್ತಲಿನ ನಾಲ್ಕು ಕ್ಯಾಮೆರಾಗಳು ನೇರವಾಗಿ ಅದಕ್ಕೇ ಸೇರುತ್ತವೆ. ಸಾಮಾನ್ಯವಾಗಿ ರೆಕಾರ್ಡರು ಅವುಗಳನ್ನು ತನ್ನದೇ ಒಳಜಾಲದಲ್ಲಿಟ್ಟುಕೊಂಡು, ತಾನೊಂದೇ ಆಫೀಸಿನ ಸ್ವಿಚ್ಚಿಗೆ ಬರುತ್ತದೆ. ಫೋನಿನಲ್ಲಿ ಕ್ಯಾಮೆರಾ ನೋಡುವ ನಿಮ್ಮ ಆಸೆಗೂ ಅಡ್ಡಿಯಿಲ್ಲ. ಕಕ್ಷಿದಾರರು ವೈಫೈ ಕೇಳಿದರೆ ರೌಟರಿನ ಗೆಸ್ಟ್ ಜಾಲವನ್ನು ಕೊಡಿ.

ಸಾದಾ ಸ್ವಿಚ್ಚಿನ ಒಂದು ದೌರ್ಬಲ್ಯವನ್ನು ಮಾತ್ರ ಆಫೀಸಿನಲ್ಲಿ ಎಲ್ಲರಿಗೂ ಹೇಳಿಡಬೇಕು. ನೆಲದ ಮೇಲೆ ಬಿದ್ದಿರುವ ತಂತಿಯ ತುದಿಯನ್ನು ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಯಾರಾದರೂ ಖಾಲಿ ಪೋರ್ಟಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದ್ದರೆ, ಒಂದೇ ಸಂದೇಶ ಸುತ್ತು ಹೊಡೆಯುತ್ತಾ ಬೆಳೆದು ಕ್ಷಣಾರ್ಧದಲ್ಲಿ ಇಡೀ ಜಾಲ ನಿಂತುಹೋಗುತ್ತದೆ. ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದು ಮಿನುಗುವುದೇ ಅದರ ಗುರುತು. ಕೆಲವು ಸಾದಾ ಸ್ವಿಚ್ಚುಗಳಲ್ಲೂ ಇದನ್ನು ಗುರುತಿಸಿ ತಡೆಯುವ ‘ಲೂಪ್ ಪ್ರಿವೆನ್ಷನ್’ ಇರುತ್ತದೆ; ಸಿಕ್ಕರೆ ಅಂಥದ್ದನ್ನೇ ಆರಿಸಿ.

ಈಗ ಉಗ್ರಾಣದ ವಿಷಯಕ್ಕೆ ಬರುತ್ತೇನೆ. ನನಗೆ ನಿಜವಾಗಿ ಆತಂಕವಿರುವುದು ಇದರಲ್ಲೇ. ಆಫೀಸಿನಿಂದ ಅಲ್ಲಿಗೆ ಅಂದಾಜು 130 ಮೀಟರ್ ಎಂದು ತಮ್ಮ ಬರೆದಿದ್ದಾನೆ. ತಾಮ್ರದ ಈಥರ್ನೆಟ್ ತಂತಿಯ ಮಿತಿ 100 ಮೀಟರ್. ವೇಗವನ್ನು 10 ಎಂಬಿಪಿಎಸ್‌ಗೆ ಇಳಿಸಿ 250 ಮೀಟರ್ ದೂರ ಕಳುಹಿಸುವ ‘ಎಕ್ಸ್‌ಟೆಂಡ್’ ಗುಂಡಿ ಕೆಲವು ಕ್ಯಾಮೆರಾ ಸ್ವಿಚ್ಚುಗಳಲ್ಲಿದೆ, ಅದರಲ್ಲಿ ಎರಡು ಕ್ಯಾಮೆರಾಗಳ ಚಿತ್ರ ಬರುತ್ತದೆ ಎಂಬುದೂ ಸುಳ್ಳಲ್ಲ. ಕೊಟೇಶನ್ನಿನ ಯೋಜನೆ ಅದೇ ಇರಬೇಕು. ಆದರೆ ಏಪ್ರಿಲ್, ಮೇ ತಿಂಗಳ ಗುಡುಗುಸಿಡಿಲಿನ ಕಾಲವನ್ನು ನೆನೆಸಿಕೊಳ್ಳಿ. ಸಿಡಿಲು ತಂತಿಯ ಮೇಲೇ ಬೀಳಬೇಕೆಂದಿಲ್ಲ. ತೋಟದ ಒಂದು ಮರಕ್ಕೆ ಬಡಿದರೂ ಅಲ್ಲಿನ ನೆಲದ ವಿದ್ಯುತ್ ಮಟ್ಟ ಒಮ್ಮೆಗೇ ಏರಿ, ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ಸಾವಿರಾರು ವೋಲ್ಟಿನ ವ್ಯತ್ಯಾಸ ಉಂಟಾಗಬಹುದು. ಆ ವ್ಯತ್ಯಾಸ ಹರಿಯಲು ಸಿಗುವ ಸುಲಭದ ದಾರಿ ನಾವೇ ಎಳೆದಿಟ್ಟ ತಾಮ್ರದ ತಂತಿ. ಅದು ಒಂದು ಕಡೆ ಕ್ಯಾಮೆರಾವನ್ನೂ ಇನ್ನೊಂದು ಕಡೆ ಸ್ವಿಚ್ಚನ್ನೂ, ಸ್ವಿಚ್ಚಿನ ಮೂಲಕ ಅದಕ್ಕೆ ಸೇರಿದ ಕಂಪ್ಯೂಟರುಗಳನ್ನೂ ಮುಟ್ಟುತ್ತದೆ. ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳುವ ಅಮ್ಮನ ಅಭ್ಯಾಸ ಒಳ್ಳೆಯದೇ, ಆದರೆ ಪ್ಲಗ್ ಕಿತ್ತ ಮೇಲೂ ಈ ತಂತಿ ಸಿಕ್ಕಿಕೊಂಡೇ ಇರುತ್ತದಲ್ಲ.

ಆದ್ದರಿಂದ ಎರಡು ಕಟ್ಟಡಗಳ ನಡುವೆ ಫೈಬರ್ ಹಾಕಿಸಿ. ಗಾಜಿನಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. 130 ಮೀಟರ್ ಅದಕ್ಕೆ ಲೆಕ್ಕವೇ ಅಲ್ಲ. ನಿಮ್ಮ ಮನೆಗೆ ಇಂಟರ್ನೆಟ್ ತಂದ ಹುಡುಗರೇ ಒಂದು ಎಳೆಯ, ಸಿಂಗಲ್ ಮೋಡ್ ಎಂಬ ಬಗೆಯ ಫೈಬರನ್ನು ಎಳೆದು ತುದಿ ಬೆಸೆದು ಕೊಡುತ್ತಾರೆ. ಎರಡೂ ತುದಿಗೆ, ಫೈಬರಿನ ಬೆಳಕಿಗೂ ತಾಮ್ರದ ತಂತಿಗೂ ಕೊಂಡಿಯಾಗುವ ಒಂದೊಂದು ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಬೇಕು. ಒಂದೇ ಎಳೆಯಲ್ಲಿ ಹೋಗುವ ಬೆಳಕೂ ಬರುವ ಬೆಳಕೂ ಬೇರೆ ಬೇರೆ ತರಂಗಾಂತರದವಾದ್ದರಿಂದ ಕನ್ವರ್ಟರುಗಳನ್ನು ‘ಎ’ ಮತ್ತು ‘ಬಿ’ ಎಂಬ ಜೋಡಿಯಾಗಿಯೇ ಕೊಳ್ಳಬೇಕು. ಎರಡೂ ‘ಎ’ ಆದರೆ ದೀಪವೇ ಹತ್ತುವುದಿಲ್ಲ. ಇನ್ನೊಂದು ಮಾತನ್ನು ಕೆಲಸದವರಿಗೆ ಒತ್ತಿ ಹೇಳಿ: ಕಂಬದಿಂದ ಮನೆಗೆ ಎಳೆಯುವ ಬಗೆಯ ಫೈಬರ್ ಕೇಬಲ್ಲಿನಲ್ಲಿ ಬಲಕ್ಕಾಗಿ ಒಂದು ಉಕ್ಕಿನ ತಂತಿಯೂ ಇರುತ್ತದೆ. ಅದನ್ನು ಕಟ್ಟಡದ ಹೊರಗೇ ಕತ್ತರಿಸಿ ಬಿಡಬೇಕು, ಯಂತ್ರದ ತನಕ ತಂದರೆ ಫೈಬರ್ ಹಾಕಿದ ಉದ್ದೇಶವೇ ಕೆಡುತ್ತದೆ. ಲೋಹವೇ ಇಲ್ಲದ ಕೇಬಲ್ ಸಿಕ್ಕರೆ ಇನ್ನೂ ಮೇಲು.

ಉಗ್ರಾಣದಲ್ಲಿರುವ ಎರಡು ಕ್ಯಾಮೆರಾಗಳಿಗೆ ಅಲ್ಲೇ 4 ಪೋರ್ಟಿನ ಒಂದು ಪುಟ್ಟ ಪಿಒಇ ಸ್ವಿಚ್ ಇಡಿ. ಇಡೀ ವ್ಯವಸ್ಥೆಯಲ್ಲಿ ಪಿಒಇ ಸ್ವಿಚ್ ಬೇಕಾಗುವುದು ಇದೊಂದೇ ಜಾಗದಲ್ಲಿ. ಅದರ ಪೋರ್ಟುಗಳು 100 ಎಂಬಿಪಿಎಸ್ ಆಗಿದ್ದರೂ ಚಿಂತೆಯಿಲ್ಲ, ಒಂದು ಕ್ಯಾಮೆರಾಕ್ಕೆ ಕೆಲವೇ ಎಂಬಿಪಿಎಸ್ ಸಾಕು. ಆದರೆ ಪೆಟ್ಟಿಗೆಯ ಮೇಲೆ 802.3ಎಎಫ್ ಅಥವಾ 802.3ಎಟಿ ಎಂಬ ಪಿಒಇ ಮಾನಕದ ಹೆಸರು ಬರೆದಿದೆಯೇ ಎಂಬುದನ್ನು ಕಣ್ಣಾರೆ ನೋಡಿ. 2003ರ ಎಎಫ್ ಮಾನಕದಲ್ಲಿ ಒಂದು ಪೋರ್ಟಿನಿಂದ 15.4 ವ್ಯಾಟ್ ಹೊರಡುತ್ತದೆ, ತಂತಿಯ ನಷ್ಟ ಕಳೆದು 12.95 ವ್ಯಾಟ್ ಸಿಗುವುದು ಖಚಿತ. 2009ರ ಎಟಿಯಲ್ಲಿ ಅದು 30 ಮತ್ತು 25.5. ರಾತ್ರಿಯ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡರೂ ಸಾಮಾನ್ಯ ಕ್ಯಾಮೆರಾಕ್ಕೆ ಎಎಫ್ ಸಾಕಾಗುತ್ತದೆ. ಮಾನಕದ ಸ್ವಿಚ್ಚು ಎದುರಿನ ಸಾಧನ ಪಿಒಇ ಬಲ್ಲದೇ ಎಂದು ಮೊದಲು ಪರೀಕ್ಷಿಸಿ, ನಂತರವೇ ವಿದ್ಯುತ್ ಬಿಡುತ್ತದೆ. ‘ಪ್ಯಾಸಿವ್’ ಎಂದು ಮಾರುವ ಅಗ್ಗದವು ಏನನ್ನೂ ಕೇಳದೆ ಸದಾ ವಿದ್ಯುತ್ ಬಿಟ್ಟುಕೊಂಡೇ ಇರುತ್ತವೆ. ಯಾರಾದರೂ ಗೊತ್ತಿಲ್ಲದೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಅದರ ಪೋರ್ಟು ಸುಟ್ಟುಹೋಗಬಹುದು.

ಕೇಬಲ್ಲಿನ ಆ ಒಂದು ಸಾಲಿಗೆ ‘ಪೂರ್ಣ ತಾಮ್ರ’ ಎಂದು ಬರೆಸಿಕೊಳ್ಳಿ. ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ, ಸಿಸಿಎ ಎನ್ನುವ ತಂತಿಯ ಮೇಲೂ ‘ಕ್ಯಾಟ್ 6’ ಎಂದೇ ಅಚ್ಚಾಗಿರುತ್ತದೆ. ಬೇಗ ಮುರಿಯುತ್ತದೆ, ಪಿಒಇ ಹರಿದರೆ ಹೆಚ್ಚು ಬಿಸಿಯಾಗುತ್ತದೆ. 305 ಮೀಟರಿನ ಬಾಕ್ಸನ್ನು ಎತ್ತಿದಾಗಲೇ ಹಗುರ ಎನಿಸಿದರೆ ಅನುಮಾನಿಸಿ, ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಗಿಗಾಬಿಟ್ಟಿಗೆ ತಂತಿಯ ನಾಲ್ಕೂ ಜೋಡಿ ಸರಿಯಿರಬೇಕು, ಎರಡೇ ಸಾಕಾಗುವುದು 100ಕ್ಕೆ. ಹಾಗಾಗಿ ಉಳಿದೆರಡರಲ್ಲಿ ಒಂದು ಜೋಡಿ ಕೆಟ್ಟರೆ ಸಂಪರ್ಕ ಕಡಿಯದೆ, ವೇಗ ಮಾತ್ರ ಸದ್ದಿಲ್ಲದೆ ಇಳಿದಿರಬಹುದು. ಕೆಲಸ ಮುಗಿದ ದಿನ ತಮ್ಮ ಒಂದೊಂದು ಪೋರ್ಟಿನ ದೀಪವನ್ನೂ ನೋಡಲಿ. ಗಿಗಾಬಿಟ್ಟಿಗೆ ಯಾವ ಬಣ್ಣ, 100ಕ್ಕೆ ಯಾವ ಬಣ್ಣ ಎಂದು ಸ್ವಿಚ್ಚಿನ ಮೇಲೋ ಅದರ ಕೈಪಿಡಿಯಲ್ಲೋ ಬರೆದಿರುತ್ತದೆ. ಎಲ್ಲವೂ ಸರಿಯಾದ ಬಣ್ಣಕ್ಕೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.

ಸ್ವಿಚ್ಚನ್ನು ನಾನೇ ಇಲ್ಲಿಂದ ತರಲೇ ಎಂದು ಅಮ್ಮ ಫೋನಿನಲ್ಲಿ ಕೇಳಿದ್ದರು. ಬೇಡ. ಎರಡೂ ದೇಶದಲ್ಲಿ 230 ವೋಲ್ಟೇ ಆದರೂ ಇಲ್ಲಿನ ಪಿನ್ ಬೇರೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಕೊಂಡದ್ದು ಕೆಟ್ಟರೆ ವಾರಂಟಿಗೆ ಇಲ್ಲಿಗೇ ಕಳುಹಿಸಬೇಕಾಗುತ್ತದೆ. ಇಲ್ಲಿ ಸ್ವಿಚ್ ಕೊಳ್ಳುವಾಗ ಎಷ್ಟು ವ್ಯಾಟ್ ತಿನ್ನುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ, ವಿದ್ಯುತ್ ಅಷ್ಟು ದುಬಾರಿ. ನಿಮಗೆ 10 ವ್ಯಾಟಿನ ಸ್ವಿಚ್ಚು ದಿನವಿಡೀ ಉರಿದರೂ ವರ್ಷಕ್ಕೆ 88 ಯುನಿಟ್ ಮಾತ್ರ; ಹೆಸ್ಕಾಂ ಬಿಲ್ಲಿನಲ್ಲಿ ಅದು ಕಾಣಿಸುವುದೂ ಇಲ್ಲ. ನಿಮ್ಮ ಸಮಸ್ಯೆ ಕರೆಂಟಿನ ಬೆಲೆಯಲ್ಲ, ಅದು ಹೋಗಿ ಬರುವುದು. ಇಂಟರ್ನೆಟ್ ಫೈಬರು ಬಂದು ಸೇರುವ ಒಎನ್‌ಟಿ ಪೆಟ್ಟಿಗೆ, ರೌಟರ್, ಸ್ವಿಚ್, ಸ್ಟೋರೇಜ್ ನಾಲ್ಕೂ ಆಫೀಸಿನ ಯುಪಿಎಸ್ ಮೇಲೇ ಇರಲಿ. ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಇದ್ದು ಸ್ವಿಚ್ ಆರಿಹೋದರೆ, ಟ್ಯಾಲಿಯಲ್ಲಿ ಅರ್ಧಕ್ಕೆ ನಿಂತ ನಮೂದುಗಳಿಗೆ ಯಾರೂ ಜವಾಬ್ದಾರರಲ್ಲ. ಉಗ್ರಾಣಕ್ಕೂ ಒಂದು ಚಿಕ್ಕ ಯುಪಿಎಸ್ ಬೇಕು. ವೈಫೈಗೆ ಬಳಸುವ 12 ವೋಲ್ಟಿನ ಮಿನಿ ಯುಪಿಎಸ್ ಪಿಒಇ ಸ್ವಿಚ್ಚಿಗೆ ಆಗುವುದಿಲ್ಲ, ಅದಕ್ಕೆ ಬೇಕಾದದ್ದು 48 ವೋಲ್ಟ್ ಅಥವಾ ಇನ್ನೂ ತುಸು ಹೆಚ್ಚು. ಮುಖ್ಯ ಬೋರ್ಡಿನಲ್ಲಿ ಸರ್ಜ್ ರಕ್ಷಕ ಹಾಕಿಸಿ, ಅರ್ಥಿಂಗ್ ಗುಂಡಿಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ಅಳತೆ ಮಾಡಿಸಿ.

ಅಂಗಡಿಯವರಿಗೆ ಈ ಬದಲಾವಣೆಗಳನ್ನು ತಿಳಿಸಿ ಹೊಸ ಕೊಟೇಶನ್ ಕೇಳಿ: ಫ್ಯಾನ್ ಇಲ್ಲದ 16 ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್, ಪಿಒಇ ಪೋರ್ಟುಗಳಿರುವ ರೆಕಾರ್ಡರ್, ಉಗ್ರಾಣಕ್ಕೆ ಫೈಬರ್, ಅಲ್ಲಿಗೊಂದು ಪುಟ್ಟ ಪಿಒಇ ಸ್ವಿಚ್, ಪೂರ್ಣ ತಾಮ್ರದ ಕೇಬಲ್. ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಆಫೀಸಿನ ಗೋಡೆ ಕೊರೆಸುವುದು ಬೇಡ. ಈ ತಿಂಗಳೇ ಮುಗಿಸಿದರೆ ಏಪ್ರಿಲ್ ಗುಡುಗಿನ ಮುಂಚೆ ಫೈಬರೂ ಅರ್ಥಿಂಗೂ ಸಿದ್ಧವಾಗಿರುತ್ತವೆ. ಉಗ್ರಾಣದ ದಾರಿಯನ್ನು ತಮ್ಮ ಅಂದಾಜಿನಲ್ಲಿ ಬಿಡದೆ ಟೇಪ್ ಹಿಡಿದು, ಬೇಲಿಯ ಬಳಸು ಮತ್ತು ಗೋಡೆಯ ಏರಿಳಿತ ಸೇರಿಸಿ ಅಳೆದು ಬರೆಯಲಿ. ಹೊಸ ಕೊಟೇಶನ್ ಬಂದ ಕೂಡಲೇ ಕಳುಹಿಸಿಕೊಡಿ, ನೋಡಿ ಉತ್ತರ ಬರೆಯುತ್ತೇನೆ.

ಅಮ್ಮನಿಗೆ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದ.

ಇತಿ,
ನಿಮ್ಮ ಮಗಳು