ಒಲೆ ಹೊತ್ತಿಸಲೂ ಮುಹೂರ್ತ

ಸಂಪಾದಕರೇ,

ಹೊಸ ವರ್ಷ ಅಂದರೆ ಡಿಸೆಂಬರ್ 31ರ ರಾತ್ರಿಯ ಗದ್ದಲ ಅಂದುಕೊಂಡವರು ಏಪ್ರಿಲ್ 13, 14ರಂದು ಶ್ರೀಲಂಕಾ ನೋಡಬೇಕು. ಸಿಂಹಳ–ತಮಿಳು ಹೊಸ ವರ್ಷ ಅದು. ಹಳೇ ವರ್ಷಕ್ಕೂ ಹೊಸದಕ್ಕೂ ನಡುವಿನ ಕೆಲವು ಗಂಟೆಗಳಿಗೆ ‘ನೊನಗತೆ’ ಅಂತಾರೆ, ಆಗ ಒಲೆ ಉರಿಸುವಂತಿಲ್ಲ, ಕೆಲಸ ಮುಟ್ಟುವಂತಿಲ್ಲ, ಸುಮ್ನೆ ಬೌದ್ಧ ವಿಹಾರಕ್ಕೋ ದೇವಸ್ಥಾನಕ್ಕೋ ಹೋಗಿ ಬರೋದು ಅಷ್ಟೇ. ಮುಹೂರ್ತ ಬಂತೋ, ಊರೂರಲ್ಲಿ ಪಟಾಕಿ. ಹೊಸ ಮಡಕೆಯಲ್ಲಿ ಹಾಲು ಉಕ್ಕುತ್ತದೆ. ಆಮೇಲೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ‘ಕಿರಿಬತ್’, ಬಾಳೆಹಣ್ಣು, ಅಚ್ಚಿನಲ್ಲಿ ಅದ್ದಿ ಕರಿದ ಗರಿಗರಿ ಕೊಕಿಸ್. (ನಮ್ಮ ಮಂಗಳೂರು ಕಡೆಯ ಗುಲಾಬಿ ಹೂವಿನ ತಿಂಡಿಯ ಹಾಗೇ ಅದು!) ತುಳುನಾಡಿನ ಹೊಸ ವರ್ಷವಾದ ಬಿಸು ಹಬ್ಬವೂ ಅದೇ ಹೊತ್ತಿಗೆ ಬರುತ್ತೆ ಅಲ್ವಾ? ಜನವರಿ 1ಕ್ಕೆ ಪುಟಗಟ್ಟಲೆ ಬರೆಯುವ ನೀವು ಬಿಸುವಿಗೂ ಒಂದು ಪುಟ ಕೊಟ್ಟರೆ ಜಾಸ್ತಿ ಆಗಲಿಕ್ಕಿಲ್ಲ.

– ಓದುಗ, ಪುತ್ತೂರು