ಥ್ಯಾಂಕ್ಸ್ ಹೂಜರ್ಸ್, ಹಾಫ್ ಟೈಮ್ ಆದಮೇಲೂ ಕೂರಿಸಿದ್ದಕ್ಕೆ

2025ರ ಜನವರಿ 20ರ ಫೈನಲ್‌ನಲ್ಲಿ ಓಹಾಯೊ ಸ್ಟೇಟ್ ತಂಡ ನೋಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿತು. ಅಲ್ಲಿಗೆ ಅಮೆರಿಕದ 2024ರ ಕಾಲೇಜು ಫುಟ್ಬಾಲ್ ಸೀಸನ್ ಮುಗಿಯಿತು. ನಮ್ಮ ಇಂಡಿಯಾನಾ ಯೂನಿವರ್ಸಿಟಿಯ ಹುಡುಗರು, ಅಂದರೆ ಹೂಜರ್ಸ್, ಇಡೀ ಸೀಸನ್‌ನಲ್ಲಿ ಗೆದ್ದಿದ್ದು 11, ಸೋತಿದ್ದು ಎರಡೇ. ಆ ಎರಡು ಸೋಲೂ ಫೈನಲ್ ಆಡಿದ ಇವೇ ತಂಡಗಳ ಕೈಯಲ್ಲಿ. "ಇವರು ಪ್ಲೇಆಫ್‌ಗೆ ಲಾಯಕ್ಕಿಲ್ಲ" ಅಂತ ಟಿವಿಯಲ್ಲಿ ಕೂಗಾಡಿದವರು ಇದನ್ನೊಮ್ಮೆ ನೋಡಿಕೊಳ್ಳಲಿ. ಅವರ ಸುದ್ದಿ ಇಷ್ಟು ಸಾಕು. ನಾನು ಬರೆಯಲು ಕೂತಿದ್ದು ಥ್ಯಾಂಕ್ಸ್ ಹೇಳಲಿಕ್ಕೆ.

ಊರಲ್ಲಿರುವ ಸ್ನೇಹಿತರಿಗೆ ಒಂದು ಮಾತು. ಇದು ನಮ್ಮ ಫುಟ್ಬಾಲ್ ಅಲ್ಲ, ಅಮೆರಿಕನ್ ಫುಟ್ಬಾಲ್. ಇಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ನಾನಿರುವ, ಯೂನಿವರ್ಸಿಟಿಯೂ ಇರುವ ಬ್ಲೂಮಿಂಗ್ಟನ್ ಬಾಸ್ಕೆಟ್‌ಬಾಲ್ ಊರು. ಬಾಸ್ಕೆಟ್‌ಬಾಲ್‌ನಲ್ಲಿ ಐದು ರಾಷ್ಟ್ರೀಯ ಪ್ರಶಸ್ತಿ ಬಂದಿದೆ. ಫುಟ್ಬಾಲ್ ವಿಷಯಕ್ಕೆ ಬಂದರೆ, ದೊಡ್ಡ ಕಾಲೇಜು ತಂಡಗಳಲ್ಲಿ ಅತಿ ಹೆಚ್ಚು ಮ್ಯಾಚ್ ಸೋತ ತಂಡ ಅನ್ನುವ ಹೆಸರಿತ್ತು. 2021ರಲ್ಲಿ ಎರಡು ಗೆಲುವು, 2022ರಲ್ಲಿ ನಾಲ್ಕು, 2023ರಲ್ಲಿ ಮೂರು. ಶನಿವಾರ ಜನ ಬರುತ್ತಿದ್ದರು, ಇಲ್ಲ ಅಂತಲ್ಲ. ಸ್ಟೇಡಿಯಂ ಪಕ್ಕದ ಬಯಲಲ್ಲಿ ಕಾರಿನ ಡಿಕ್ಕಿ ತೆಗೆದು, ಬರ್ಗರ್ ಸುಟ್ಟು, ಬಿಯರ್ ಕುಡಿದು, ಹಾಫ್ ಟೈಮ್‌ವರೆಗೆ ಕೂತು ಎದ್ದು ಹೋಗುತ್ತಿದ್ದರು. ನಾನೂ ಅದೇ ಗುಂಪಿನವನು.

ಅಂಥ ಹೊತ್ತಲ್ಲಿ ಬಂದವರು ಕೋಚ್ ಕರ್ಟ್ ಸಿಗ್ನೆಟ್ಟಿ. ಆಗ ವಯಸ್ಸು 62. ಒಂದು ಕಾಲದಲ್ಲಿ ಅಲಬಾಮಾದಂಥ ತಂಡದಲ್ಲಿ ಸಹಾಯಕ ಕೋಚ್ ಆಗಿದ್ದವರು. ಆ ಕೆಲಸ ಬಿಟ್ಟು, ಅಪ್ಪ ಕೋಚ್ ಆಗಿದ್ದ ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾಲೇಜಿಗೆ ಹೋಗಿ, ಅಲ್ಲಿಂದ ಮೆಟ್ಟಿಲು ಹತ್ತಿಕೊಂಡು ಬಂದವರು. ಬಂದ ಹೊಸದರಲ್ಲೇ ಬಾಸ್ಕೆಟ್‌ಬಾಲ್ ಮ್ಯಾಚಿನ ಮಧ್ಯೆ ಮೈಕ್ ಹಿಡಿದು ಇದೇ ರಾಜ್ಯದ ನಮ್ಮ ಹಳೇ ಎದುರಾಳಿ ಪರ್ಡ್ಯೂ, ಜೊತೆಗೆ ಮಿಷಿಗನ್, ಓಹಾಯೊ ಸ್ಟೇಟ್, ಹೀಗೆ ಮೂವರನ್ನೂ ಒಟ್ಟಿಗೆ ಹಳಿದರು. ನಾನು ಗೆಲ್ಲುವವನು, ಬೇಕಾದರೆ ಗೂಗಲ್ ಮಾಡಿ ನೋಡಿ ಅಂತ ಪತ್ರಕರ್ತರಿಗೂ ಹೇಳಿದರು. ಬಾಯಿ ಸ್ವಲ್ಪ ಜೋರು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕೋಚ್, ಮೂವರಲ್ಲಿ ಇಬ್ಬರನ್ನು ಮೊದಲ ವರ್ಷವೇ ಮುಗಿಸಿದಿರಿ. ಪರ್ಡ್ಯೂ ವಿರುದ್ಧ 66-0! ಈ ರಾಜ್ಯದಲ್ಲಿ ಆ ಮ್ಯಾಚ್‌ಗೆ ಎಷ್ಟು ಬೆಲೆ ಅಂತ ನನ್ನ ಆಫೀಸಿಗೆ ಬಂದರೆ ಗೊತ್ತಾಗುತ್ತದೆ. ಪರ್ಡ್ಯೂದಲ್ಲಿ ಓದಿದ ಸಹೋದ್ಯೋಗಿ ಮುಂದಿನ ಸೋಮವಾರ ರಜೆ ಹಾಕಿದ್ದ.

ಕೋಚ್ ಮೊದಲು ಇದ್ದ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ ಅವರ ಹಿಂದೆಯೇ ಬಂದ ಹುಡುಗರಿಗೂ ಥ್ಯಾಂಕ್ಸ್. ಐಡೆನ್ ಫಿಶರ್, ಮಿಕೇಲ್ ಕಮಾರಾ, ಎಲೈಜಾ ಸರ್ರಾಟ್, ಇನ್ನೂ ಹಲವರು. ಆದರೆ ನನ್ನ ಮನಸ್ಸಲ್ಲಿ ಮೊದಲ ಜಾಗ ಮೈಕ್ ಕ್ಯಾಟಿಕ್‌ಗೆ. ಆ ಮೂರು ಕೆಟ್ಟ ವರ್ಷಗಳಲ್ಲೂ ಇದೇ ಜೆರ್ಸಿ ಹಾಕಿಕೊಂಡು, ಮುಂದಿನ ಸಾಲಿನಲ್ಲಿ ನಿಂತು ಗುದ್ದು ತಿಂದ ಹುಡುಗ. ಬೇರೆ ಕಾಲೇಜಿಗೆ ಹೋಗುವುದು ಈಗ ಎಷ್ಟು ಸುಲಭ ಅಲ್ವಾ? ಅವನು ಹೋಗಲಿಲ್ಲ.

ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕರ್ಟಿಸ್ ರೋರ್ಕ್ ಬಗ್ಗೆ ಏನು ಹೇಳಲಿ? ಕೆನಡಾದ ಹುಡುಗ. ಮೊಣಕಾಲಿನ ಲಿಗಮೆಂಟ್ ಸೀಸನ್‌ಗೆ ಮುಂಚೆಯೇ ಹರಿದಿತ್ತು, ಅದರಲ್ಲೇ ಇಷ್ಟೂ ದಿನ ಆಡಿದ ಅಂತ 2025ರ ಜನವರಿಯಲ್ಲಿ ಸುದ್ದಿ ಬಂತು. ಪರ್ಡ್ಯೂ ಮ್ಯಾಚಿನ ಆರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಆರು ಪಾಯಿಂಟ್ ಪಡೆಯುವುದು) ಪಾಸ್‌ಗಳನ್ನು ಆ ಕಾಲಲ್ಲಿ ನಿಂತೇ ಎಸೆದಿದ್ದಾನೆ. ನೆಬ್ರಾಸ್ಕಾ ವಿರುದ್ಧ ಅವನ ಹೆಬ್ಬೆರಳಿಗೂ ಪೆಟ್ಟಾಯಿತು. ಮುಂದಿನ ವಾರ ವಾಷಿಂಗ್ಟನ್ ವಿರುದ್ಧ ಅವನ ಜಾಗದಲ್ಲಿ ಆಡಿ 31-17ರಿಂದ ಗೆಲ್ಲಿಸಿದ ಟೇವೆನ್ ಜಾಕ್ಸನ್‌ಗೆ ಬೇರೆಯಾಗಿಯೇ ಒಂದು ಥ್ಯಾಂಕ್ಸ್. ಬದಲಿ ಆಟಗಾರರನ್ನು ನಾವು ಬೇಗ ಮರೆಯುತ್ತೇವೆ.

ನವೆಂಬರ್ 9ರ ಮಿಷಿಗನ್ ಮ್ಯಾಚು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಅವರು ಹಿಂದಿನ ಸೀಸನ್‌ನ ಚಾಂಪಿಯನ್ನರು. ಹಾಫ್ ಟೈಮ್‌ಗೆ ನಮ್ಮದು 17, ಅವರದು 3. ಆಮೇಲೆ ನಮ್ಮ ಹುಡುಗರಿಗೆ ಗಜ ಗಜಕ್ಕೂ ಒದ್ದಾಟ. ಅವರು ಫೀಲ್ಡ್ ಗೋಲ್ (ಕಂಬಗಳ ಮಧ್ಯೆ ಚೆಂಡು ಒದ್ದರೆ ಮೂರು ಪಾಯಿಂಟ್) ಒದ್ದು ಮೂರು ಮೂರೇ ಸೇರಿಸುತ್ತಾ ಬಂದು, ಕೊನೆಯ ಕ್ವಾರ್ಟರ್‌ನಲ್ಲಿ ಟಚ್‌ಡೌನ್ ಹೊಡೆದು 17-15ಕ್ಕೆ ತಂದರು. ಟಚ್‌ಡೌನ್ ಆದಮೇಲೆ ಸಿಗುವ ಒಂದು ಅವಕಾಶದಲ್ಲಿ, ಸಮ ಮಾಡಲು ಎರಡು ಪಾಯಿಂಟ್‌ಗೆ ಹೋದರು, ಆಗಲಿಲ್ಲ. ನನ್ನ ಪಕ್ಕದ ಸೀಟಿನ ಅಜ್ಜ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಂಡುತ್ತಿದ್ದರು. ಬೆಡ್‌ಫರ್ಡ್ ಕಡೆಯ ಕಲ್ಲು ಕ್ವಾರಿಯಲ್ಲಿ ದುಡಿದು ರಿಟೈರ್ ಆದವರು. 1967ರ ತಂಡ ನೋಡಿದವರು. ಅವತ್ತಿನ ಒಂಬತ್ತು ಗೆಲುವನ್ನು ಆಮೇಲೆ ನಮ್ಮ ಯಾವ ತಂಡವೂ ದಾಟಿರಲಿಲ್ಲ. ಕೊನೆಗೆ ನಮ್ಮವರು ಒಂದು ಫೀಲ್ಡ್ ಗೋಲ್ ಒದ್ದರು. 20-15. ಕಾಲೇಜಿನ ಇತಿಹಾಸದಲ್ಲೇ ಮೊದಲ ಸಲ ಹತ್ತನೇ ಗೆಲುವು. ಯಾರೂ ಸೀಟು ಬಿಟ್ಟು ಕದಲಿರಲಿಲ್ಲ. ಹೊರಗೆ ಹೋಗುವ ದಾರಿಯಲ್ಲಿ ನೂಕುನುಗ್ಗಲು, ಕಾರು ತೆಗೆಯಲು ಗಂಟೆಗಟ್ಟಲೆ ಕಾಯಬೇಕಾಯಿತು. ಅಷ್ಟು ಖುಷಿಯಿಂದ ಟ್ರಾಫಿಕ್‌ನಲ್ಲಿ ನಾನು ಯಾವತ್ತೂ ಕೂತಿಲ್ಲ.

ಆ ಅಜ್ಜನಿಗೂ ಥ್ಯಾಂಕ್ಸ್. ನಾನು ಎಷ್ಟೇ ಪೆದ್ದು ಪ್ರಶ್ನೆ ಕೇಳಿದರೂ ಬೇಜಾರಿಲ್ಲದೆ ಹೇಳಿಕೊಟ್ಟರು. ಮೇರಿಲ್ಯಾಂಡ್ ಮ್ಯಾಚಿನ ಮಳೆಯಲ್ಲಿ ತಮ್ಮ ಬ್ಯಾಗಿನಿಂದ ಇನ್ನೊಂದು ಪ್ಲಾಸ್ಟಿಕ್ ಕೋಟು ತೆಗೆದು ಸುಮ್ನೆ ನನ್ನ ಮಡಿಲಿಗೆ ಹಾಕಿದರು. ನೋಟರ್ ಡೇಮ್ ವಿರುದ್ಧ 27-17ರಿಂದ ಸೋತ ರಾತ್ರಿ ಫೋನ್ ಮಾಡಿದ್ದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಆಗಲೇ ಮುಂದಿನ ವರ್ಷದ ಸೀಸನ್ ಟಿಕೆಟ್ ಮಾತಾಡುತ್ತಿದ್ದರು.

ಮುಂದಿನ ಸೀಸನ್‌ನಲ್ಲೂ ನಮ್ಮ ಸ್ಟೇಡಿಯಂನಲ್ಲಿ ಮ್ಯಾಚ್‌ಗಳಿರುತ್ತವೆ. ಇಂಡಿಯಾನಾಪೊಲಿಸ್ ಕಡೆ ಇರುವ ಕನ್ನಡದವರು ಬರುವುದಾದರೆ ಮೊದಲೇ ತಿಳಿಸಿ. ಚಿತ್ರಾನ್ನ ನಾನು ತರುತ್ತೇನೆ, ಪಾರ್ಕಿಂಗ್ ನೀವು ನೋಡಿಕೊಳ್ಳಿ.